ಊರಿನ ಮೆಕ್ಯಾನಿಕನಿಗೆ ಎಂತಹ ಸಾಕೆಟ್ ಬೇಕು?

ನಮ್ಮ ಕೃಷಿಯಲ್ಲಿ ಯಂತ್ರ ಕೆಟ್ಟು ನಿಲ್ಲಲೇಬಾರದ ದಿನಗಳು ವರ್ಷದಲ್ಲಿ ಹೆಚ್ಚೇನೂ ಇಲ್ಲ. ಆದರೆ ಆ ಕೆಲವೇ ದಿನಗಳಲ್ಲಿ ಕೆಟ್ಟರೆ ಹೊಡೆತ ಬೀಳುವುದು ವರ್ಷದ ಫಸಲಿಗೆ. ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ರೊಬಸ್ಟಾ ತೋಟಕ್ಕೆ ತುಂತುರು ನೀರು ಕೊಡುವಾಗ ಪಂಪ್‌ಸೆಟ್ ಹಗಲಿರುಳೂ ಓಡಬೇಕು. ಮುಂಗಾರು ಹಿಡಿಯುವ ಮೊದಲು ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮುಗಿದಿರಬೇಕು. ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯದು. ತಡವಾದರೆ ಕೊಳೆರೋಗ ನಮಗಾಗಿ ಕಾದು ಕುಳಿತಿರುವುದಿಲ್ಲ.

ಇಂತಹ ದಿನ ಎಂಜಿನ್ನು ಮೊಂಡು ಹಿಡಿದರೆ, ಜೀಪಿನ ಚಕ್ರ ಕಳಚಲು ಬಾರದೆ ಹೋದರೆ ನಾವು ಓಡುವುದು ಜಿಲ್ಲಾ ಕೇಂದ್ರದ ದೊಡ್ಡ ವರ್ಕ್‌ಶಾಪಿಗಲ್ಲ. ಕೂಡುರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ನಮ್ಮ ಊರಿನ ಮೆಕ್ಯಾನಿಕನ ಬಳಿಗೆ. ಆತನ ಕೈಯಲ್ಲಿರುವ ಸಲಕರಣೆ ಒಳ್ಳೆಯದಿದ್ದರೆ ಅರ್ಧ ಗಂಟೆಯ ಕೆಲಸ. ಸಲಕರಣೆ ಕೆಟ್ಟದ್ದಾಗಿದ್ದರೆ ನಟ್ಟಿನ ಮೂಲೆಗಳು ಸವೆದು ಉರುಟಾಗಿ, ಬೋಲ್ಟು ತುಂಡಾಗಿ, ಗ್ಯಾಸ್ ವೆಲ್ಡಿಂಗಿನವನನ್ನು ಹುಡುಕಿಕೊಂಡು ಎರಡು ದಿನ ಅಲೆದಾಟ. ಆದುದರಿಂದ ಮೆಕ್ಯಾನಿಕನ ಪೆಟ್ಟಿಗೆಯೊಳಗಿನ ವಿಷಯವನ್ನು ಬೆಳೆಗಾರರ ಪತ್ರಿಕೆಯಲ್ಲಿ ಬರೆಯುವುದು ಅಪ್ರಸ್ತುತವೆಂದು ನಾವು ಭಾವಿಸುವುದಿಲ್ಲ. ನಮ್ಮ ಸದಸ್ಯರ ಮಕ್ಕಳು ಹಲವರು ಐ.ಟಿ.ಐ. ಮುಗಿಸಿ ಊರಿನಲ್ಲೇ ಗ್ಯಾರೇಜು ತೆರೆಯುತ್ತಿದ್ದಾರೆ. ಅವರಿಗೂ ಇದು ಉಪಯೋಗಕ್ಕೆ ಬಂದೀತು.

ಈಗ ಸಣ್ಣ ಗ್ಯಾರೇಜುಗಳಲ್ಲೂ ಇಂಪ್ಯಾಕ್ಟ್ ಗನ್ನು ಬಂದಿದೆ. ಪಂಕ್ಚರ್ ಹಾಕುವ ಕಂಪ್ರೆಸರಿನ ಗಾಳಿಯಿಂದ ನಡೆಯುವುದು ಒಂದು ಬಗೆ. ಬ್ಯಾಟರಿಯಿಂದ ನಡೆಯುವುದು ಇನ್ನೊಂದು. ತೋಟಕ್ಕೇ ಕೊಂಡೊಯ್ಯಬಹುದಾದ್ದರಿಂದ ಬ್ಯಾಟರಿಯದ್ದು ನಮ್ಮ ಕಡೆಗೆ ಹೆಚ್ಚು ಅನುಕೂಲ. ಗನ್ನಿಗೆ ದುಡ್ಡು ಹಾಕಿದವರು ಅದರ ತುದಿಗೆ ಸಿಕ್ಕಿಸುವ ಸಾಕೆಟ್ಟಿಗೆ ಮಾತ್ರ ಕೈ ಬಿಗಿ ಹಿಡಿಯುತ್ತಾರೆ. ಮನೆಯಲ್ಲಿದ್ದ ಹಳೆಯ ಹೊಳೆಯುವ ಸಾಕೆಟ್ಟನ್ನೇ ಸಿಕ್ಕಿಸಿ ಕೆಲಸ ಸಾಗಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ.

ಕೈಯಿಂದ ಎಳೆಯುವ ರ‍್ಯಾಚೆಟ್ಟಿನಲ್ಲಿ ಬಲ ಒಂದೇ ಸಮನೆ ಬೀಳುತ್ತದೆ. ಇಂಪ್ಯಾಕ್ಟ್ ಗನ್ನು ಹಾಗಲ್ಲ. ಅದರೊಳಗೆ ತಿರುಗುವ ಸುತ್ತಿಗೆಯಿದೆ. ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಪೆಟ್ಟುಗಳನ್ನು ಅದು ಕೊಡುತ್ತದೆ. ಪ್ರತಿ ಪೆಟ್ಟೂ ಸಾಕೆಟ್ಟಿನ ಮೂಲಕವೇ ನಟ್ಟಿಗೆ ಹೋಗಬೇಕು. ಹೊಳೆಯುವ ಕೈ ಸಾಕೆಟ್ಟು ಸಾಮಾನ್ಯವಾಗಿ ಕ್ರೋಮ್-ವನೇಡಿಯಂ ಉಕ್ಕಿನದು. ಇಕ್ಕಟ್ಟಿನಲ್ಲಿ ತೂರಬೇಕೆಂದು ಅದರ ಗೋಡೆಯನ್ನು ತೆಳುವಾಗಿ ಮಾಡಿರುತ್ತಾರೆ. ತೆಳುವಾದದ್ದು ಬಾಗದಿರಲೆಂದು ಗಡುಸಾಗಿ ಹದ ಕೊಟ್ಟಿರುತ್ತಾರೆ. ಗಡುಸಾದದ್ದು ಎಳೆತಕ್ಕೆ ನಿಲ್ಲುತ್ತದೆ, ಪೆಟ್ಟಿಗೆ ಒಡೆಯುತ್ತದೆ. ಉಳಿಯ ಬಾಯಿಗೆ ಹದ ಕೊಡುವ ಕಮ್ಮಾರ ಅದರ ತಲೆಯನ್ನು ಮೆದುವಾಗಿಯೇ ಬಿಡುವುದು ಏಕೆಂದು ಕೇಳಿ ನೋಡಿ, ಇದೇ ಉತ್ತರ ಸಿಗುತ್ತದೆ. ಒಡೆದ ಸಾಕೆಟ್ಟಿನ ಚೂರು ಎಲ್ಲಿಗೆ ಹಾರುತ್ತದೆಂದು ಹೇಳಲು ಬಾರದು. ಮೇಲಿನ ಕ್ರೋಮಿಯಂ ಲೇಪವೂ ಪೆಟ್ಟಿಗೆ ಎದ್ದು ಬ್ಲೇಡಿನಂತೆ ಕೈ ಕೊಯ್ಯುತ್ತದೆ. ಒಂದು ಸಾಕೆಟ್ಟಿನ ಉಳಿತಾಯಕ್ಕೆ ಕಣ್ಣನ್ನು ಪಣಕ್ಕಿಡುವುದು ಎಂತಹ ಲೆಕ್ಕಾಚಾರ?

ಇಂಪ್ಯಾಕ್ಟ್ ಸಾಕೆಟ್ಟೆಂದು ಬೇರೆಯಾಗಿಯೇ ತಯಾರಿಸುವುದು ಈ ಕಾರಣಕ್ಕೆ. ಒಳ್ಳೆಯದು ಕ್ರೋಮ್-ಮಾಲಿಬ್ಡಿನಂ ಉಕ್ಕಿನದು. ಇದಕ್ಕೆ ಕೈ ಸಾಕೆಟ್ಟಿನಷ್ಟು ಗಡುಸು ಹದವಿಲ್ಲ. ಪೆಟ್ಟನ್ನು ಸ್ವಲ್ಪ ನುಂಗಿಕೊಳ್ಳುವ ಗುಣವಿದೆ. ಗೋಡೆ ದಪ್ಪ. ಬಣ್ಣ ಮಾಸಲು ಕಪ್ಪು. ಹಿಂಬದಿಯ ಚೌಕದ ಪಕ್ಕದಲ್ಲಿ ಅಡ್ಡ ತೂತು ಮತ್ತು ಸುತ್ತ ಒಂದು ಕಾಲುವೆಯಿರುತ್ತದೆ. ಸಾಕೆಟ್ಟು ಗನ್ನಿನಿಂದ ಕಳಚಿ ಹಾರದಂತೆ ಪಿನ್ನು ಹಾಕಿ ರಬ್ಬರ್ ಉಂಗುರ ತೊಡಿಸಲು ಅದು. ತುಂಬಾ ಕಾಲ ಬಳಸಿದ ಮೇಲೆ ಇಂತಹ ಸಾಕೆಟ್ಟು ಸಾಮಾನ್ಯವಾಗಿ ಬಾಯಿ ಅಗಲವಾಗಿ ಸವೆದು ತನ್ನ ಕಾಲ ಮುಗಿಯಿತೆಂದು ತಿಳಿಸುತ್ತದೆ. ಗಾಜಿನಂತೆ ಸಿಡಿಯುವುದು ವಿರಳ.

ಅಂಗಡಿಯಲ್ಲಿ ನೋಡಬೇಕಾದದ್ದು

ಕಪ್ಪಾಗಿರುವುದೆಲ್ಲ ಇಂಪ್ಯಾಕ್ಟ್ ಸಾಕೆಟ್ಟಲ್ಲ. ಸಾಧಾರಣ ಸಾಕೆಟ್ಟಿಗೆ ಕಪ್ಪು ಬಣ್ಣ ಬಳಿದು ಮಾರುವವರಿದ್ದಾರೆ. ಒಂದು ನಾಣ್ಯದ ಅಂಚಿನಿಂದ ಗೀರಿ ನೋಡಿ. ಬಣ್ಣವಾದರೆ ಸಿಪ್ಪೆಯಂತೆ ಏಳುತ್ತದೆ. ಫಾಸ್ಫೇಟ್ ಲೇಪ ಉಕ್ಕಿನ ಮೈಗೇ ಕಚ್ಚಿಕೊಂಡಿರುವುದರಿಂದ ಹಾಗೆ ಏಳುವುದಿಲ್ಲ. ಅಂಗಡಿಯಾತ ಗೀರಲು ಬಿಡದಿದ್ದರೆ ಅದೂ ಒಂದು ಉತ್ತರವೇ.

ಮೈಮೇಲೆ ಅಳತೆ ಮತ್ತು ತಯಾರಕರ ಹೆಸರನ್ನು ಆಳವಾಗಿ ಕೊರೆದಿರಬೇಕು. ಕ್ರೋಮ್-ಮಾಲಿಬ್ಡಿನಂ ಎಂಬುದಕ್ಕೆ ಸಿ.ಆರ್.-ಎಂ.ಓ. ಎಂಬ ಗುರುತು ಇರುತ್ತದೆ, ಸಿ.ಆರ್.-ವಿ. ಎಂದಿದ್ದರೆ ಕ್ರೋಮ್-ವನೇಡಿಯಂ. ಯಂತ್ರದಿಂದ ತಿರುಗಿಸುವ ಸಾಕೆಟ್ಟುಗಳಿಗೆ ಐ.ಎಸ್.ಓ. 2725ರ ಎರಡನೆಯ ಭಾಗ ಮತ್ತು ಜರ್ಮನಿಯ ಡಿ.ಐ.ಎನ್. 3129 ಎಂಬ ಮಾನದಂಡಗಳಿವೆ. ಡಬ್ಬದ ಮೇಲೆ ಡಿ.ಐ.ಎನ್. 3124 ಎಂದಿದ್ದರೆ ಅದು ಕೈ ಸಾಕೆಟ್ಟಿನ ಮಾನದಂಡ, ಗನ್ನಿಗೆ ಸಲ್ಲದು. ಬರಿಯ ಅಂಕಿ ಅಚ್ಚಾಗಿದ್ದ ಮಾತ್ರಕ್ಕೆ ಮಾಲು ಹಾಗೇ ಇರುತ್ತದೆಂದು ನಂಬಬೇಕಾಗಿಲ್ಲ. ಆದರೆ ಯಾವ ಅಂಕಿಯೂ ಇಲ್ಲದ್ದಕ್ಕಿಂತ ಅದು ಮೇಲು.

ಬಳಿಕ ಬಾಯಿಯೊಳಗೆ ಇಣುಕಿ. ಆರು ಮೂಲೆಯದನ್ನೇ ಕೊಳ್ಳತಕ್ಕದ್ದು. ಹನ್ನೆರಡು ಮೂಲೆಯದು ಸಿಕ್ಕಿಸಲು ಸುಲಭವೇನೋ ಸರಿ, ಆದರೆ ನಟ್ಟಿನ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ. ನಮ್ಮ ಮಳೆನಾಡಿನ ತುಕ್ಕು ಹಿಡಿದ ನಟ್ಟಿಗೆ ಹನ್ನೆರಡು ಮೂಲೆ ಎಂದರೆ ಮೂಲೆ ಸವೆಸುವ ಯಂತ್ರವೆಂದೇ ತಿಳಿಯಬೇಕು. ಒಳ್ಳೆಯ ತಯಾರಕರು ಒಳಮೂಲೆಗಳನ್ನು ತುಸು ಕೊರೆದು ದುಂಡಗೆ ಬಿಟ್ಟಿರುತ್ತಾರೆ. ಆಗ ಬಲ ನಟ್ಟಿನ ಮೂಲೆಗೆ ಬೀಳದೆ ಚಪ್ಪಟೆ ಮುಖಕ್ಕೆ ಬೀಳುತ್ತದೆ. ಅರ್ಧ ಸವೆದ ನಟ್ಟನ್ನೂ ಇಂತಹ ಸಾಕೆಟ್ಟು ಕಳಚಬಲ್ಲುದು. ಬಾಯಿಯ ಸುತ್ತ ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇದೆಯೇ ಎಂಬುದನ್ನೂ ನೋಡಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಎಂದಾದರೆ ತೂತು ಓರೆಯಾಗಿದೆ ಎಂದರ್ಥ. ಅದು ತೆಳು ಕಡೆಯಲ್ಲೇ ಬಿರಿಯುತ್ತದೆ.

ಪೇಟೆಗೆ ಹೋಗುವಾಗ ಜೇಬಿನಲ್ಲಿ ನಿಮ್ಮ ಯಂತ್ರದ್ದೇ ಎರಡು ಮೂರು ನಟ್ಟುಗಳಿರಲಿ. ಸಾಕೆಟ್ಟಿನೊಳಗೆ ಹಾಕಿ ಕೈಯಿಂದ ಅಲುಗಿಸಿ ನೋಡುವುದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.

ಇನ್ನು ತಯಾರಕರ ಮಾತು. ಕೈ ಸಲಕರಣೆಗಳ ತಯಾರಿಕೆಗೆ ಪಂಜಾಬಿನ ಜಾಲಂಧರ, ಲೂಧಿಯಾನ ಹಿಂದಿನಿಂದಲೂ ಹೆಸರಾದ ಊರುಗಳು. ನಾಸಿಕದ ತಪಾರಿಯಾ ಹೆಸರನ್ನು ಕೇಳದ ಮೆಕ್ಯಾನಿಕ್ ನಮ್ಮಲ್ಲಿಲ್ಲ. ದೇಶೀ ತಯಾರಕರ ಸರಕು ನಮ್ಮ ಊರಿನ ಕೆಲಸಕ್ಕೆ ಧಾರಾಳವಾಗಿ ಸಾಕು. ವಿದೇಶದ ಹೆಸರಿಗಾಗಿ ಹಲವು ಪಟ್ಟು ಬೆಲೆ ಕೊಡಬೇಕಾದದ್ದಿಲ್ಲ. ಆದರೆ ಹೆಸರಿನಲ್ಲಿ ಒಂದಕ್ಷರ ತಿರುಚಿದ ನಕಲಿಯ ಬಗ್ಗೆ ಎಚ್ಚರವಿರಲಿ. ರಸೀತಿ ಕೇಳಿ ಪಡೆಯಿರಿ. ಕೈ ಸಾಕೆಟ್ಟನ್ನು ಗನ್ನಿಗೆ ಸಿಕ್ಕಿಸಿ ಒಡೆದುಕೊಂಡರೆ ಸಾಮಾನ್ಯವಾಗಿ ಯಾವ ಗ್ಯಾರಂಟಿಯೂ ಸಿಗುವುದಿಲ್ಲವೆಂಬುದೂ ತಿಳಿದಿರಲಿ.

ಎಷ್ಟು ಕೊಳ್ಳಬೇಕು?

ದುಡ್ಡು ಹಾಳಾಗುವುದು ಇಲ್ಲಿ. ನಲವತ್ತು ಸಾಕೆಟ್ಟುಗಳ ಚೆಂದದ ಪೆಟ್ಟಿಗೆ ಅಗ್ಗವೆಂದು ಕಾಣುತ್ತದೆ. ನಲವತ್ತರಲ್ಲಿ ಮೂವತ್ತು ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತವೆ. ದಿನವೂ ಬೇಕಾದ 17, 19 ಆರು ತಿಂಗಳಲ್ಲಿ ಸವೆದು ಹೋಗುತ್ತವೆ. ಪೆಟ್ಟಿಗೆಯ ಬೆಲೆಗೇ ಒಳ್ಳೆಯ ಉಕ್ಕಿನ ಬಿಡಿ ಸಾಕೆಟ್ಟುಗಳು ಏಳೆಂಟು ಬಂದರೆ ಅದೇ ಲಾಭ. ರೂಪಾಯಿ ಲೆಕ್ಕ ನಾವು ಇಲ್ಲಿ ಕೊಡುವುದಿಲ್ಲ. ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ದರ ಬದಲಾಗಿರುತ್ತದೆ.

ಗನ್ನಿನ ಚೌಕ ಅರ್ಧ ಇಂಚಿನದಿರಲಿ. ಕಾರು, ಜೀಪು, ಪಿಕಪ್, ಟಿಲ್ಲರ್, ಪಂಪ್‌ಸೆಟ್ ಎಲ್ಲಕ್ಕೂ ಅದು ಸಾಕು. ಲಾರಿಯ ಚಕ್ರಕ್ಕೆ ಮುಕ್ಕಾಲು ಇಂಚು ಅಥವಾ ಒಂದು ಇಂಚಿನ ಚೌಕ ಬೇಕಾಗುತ್ತದೆ. ವರ್ಷಕ್ಕೆ ನಾಲ್ಕು ಲಾರಿ ಬರುವ ಶೆಡ್ಡಿಗೆ ಆ ಖರ್ಚು ದಂಡ. ಅರ್ಧ ಇಂಚಿನ ಗನ್ನಿಗೆ ಅಡಾಪ್ಟರ್ ಹಾಕಿ ಮುಕ್ಕಾಲು ಇಂಚಿನ ಸಾಕೆಟ್ಟು ತಿರುಗಿಸುವ ಉಪಾಯವನ್ನು ಕೆಲವರು ಮಾಡುತ್ತಾರೆ. ಗನ್ನಿನ ಬಲ ಅದರಿಂದ ಹೆಚ್ಚುವುದಿಲ್ಲ. ಮೊದಲು ಮುರಿಯುವುದು ಅಡಾಪ್ಟರೇ.

ಅಳತೆಗಳನ್ನು ನಮ್ಮ ಯಂತ್ರಗಳೇ ಹೇಳುತ್ತವೆ. 8 ಮಿಲಿಮೀಟರ್ ಬೋಲ್ಟಿನ ತಲೆ 13, ಜಪಾನೀ ಪದ್ಧತಿಯಲ್ಲಿ 12. 10 ಮಿಲಿಮೀಟರ್ ಬೋಲ್ಟಿನ ತಲೆ ನಮ್ಮಲ್ಲಿ ಹೆಚ್ಚಾಗಿ 17, ಜಪಾನೀ ಮೂಲದ ಎಂಜಿನ್ನುಗಳಲ್ಲಿ 14. ಬೆಂಗಳೂರಿನ ವಿ.ಎಸ್.ಟಿ. ಟಿಲ್ಲರುಗಳು ಮಿತ್ಸುಬಿಶಿಯ ಮೂಲದವು, ಕೇರಳದ ಕ್ಯಾಮ್ಕೋ ಟಿಲ್ಲರುಗಳು ಕುಬೋಟಾ ಮೂಲದವು ಎಂಬುದನ್ನು ನೆನೆದರೆ 12 ಮತ್ತು 14 ಏಕೆ ಬೇಕೆಂಬುದು ತಿಳಿಯುತ್ತದೆ. ಚಕ್ರದ ನಟ್ಟು ಮಾರುತಿಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 19. ಹ್ಯುಂಡೈ, ಟೊಯೋಟಾ ಗಾಡಿಗಳಲ್ಲಿ 21. 16 ಮಿಲಿಮೀಟರ್ ಬೋಲ್ಟಿಗೆ 24. ಹೀಗಾಗಿ 12, 13, 14, 17, 19, 21, 24 ಎಂಬ ಏಳು ಸಾಕೆಟ್ಟುಗಳಿದ್ದರೆ ಊರಿನ ಮೆಕ್ಯಾನಿಕನ ಬಹುಪಾಲು ಕೆಲಸ ನಡೆಯುತ್ತದೆ. 17, 19 ಮತ್ತು 21 ಉದ್ದನೆಯ ಬಗೆಯವಾಗಿರಲಿ. ಜೀಪಿನ ಪಟ್ಟೆ ಸ್ಪ್ರಿಂಗಿನ ಯು-ಬೋಲ್ಟಿನಲ್ಲಿ ನಟ್ಟಿನಿಂದಾಚೆ ತಿರುಪು ಉದ್ದಕ್ಕೆ ಹೊರಚಾಚಿರುತ್ತದೆ. ಗಿಡ್ಡ ಸಾಕೆಟ್ಟು ನಟ್ಟನ್ನು ಮುಟ್ಟುವುದೇ ಇಲ್ಲ.

ಏಳನ್ನೂ ಒಂದೇ ದರ್ಜೆಯದಾಗಿ ಕೊಳ್ಳಲು ಕೈ ಸಾಲದಿದ್ದರೆ ನಮ್ಮ ಸಲಹೆ ಹೀಗಿದೆ. ಹೆಚ್ಚು ಪೆಟ್ಟು ತಿನ್ನುವ 17, 19, 21, 24ಕ್ಕೆ ಕ್ರೋಮ್-ಮಾಲಿಬ್ಡಿನಂ ಬೇಕೇ ಬೇಕು. 12, 13, 14ಕ್ಕೆ ದಪ್ಪ ಗೋಡೆಯ, ಇಂಪ್ಯಾಕ್ಟಿಗೆಂದೇ ಮಾಡಿದ ಕ್ರೋಮ್-ವನೇಡಿಯಂ ಸಾಕೆಟ್ಟಾದರೂ ನಡೆಯುತ್ತದೆ. ಆ ಸಣ್ಣ ಬೋಲ್ಟುಗಳಿಗೆ ಗನ್ನಿನ ಪೂರ್ತಿ ಬಲ ಕೊಡುವ ಹಾಗೆಯೇ ಇಲ್ಲ. ಕೊಟ್ಟರೆ ಸಾಕೆಟ್ಟಿಗಿಂತ ಮೊದಲು ಬೋಲ್ಟೇ ತುಂಡಾದೀತು. ಎಕ್ಸ್‌ಟೆನ್ಷನ್ ಮತ್ತು ಅಡಾಪ್ಟರುಗಳಿಗೂ ಇದೇ ನಿಯಮ. ಕಪ್ಪು ಸಾಕೆಟ್ಟಿನ ಹಿಂದೆ ಹೊಳೆಯುವ ಎಕ್ಸ್‌ಟೆನ್ಷನ್ ಹಾಕಿದರೆ ಅಪಾಯ ಒಂದು ಗೇಣು ಹಿಂದಕ್ಕೆ ಸರಿಯಿತಷ್ಟೆ. ಎಕ್ಸ್‌ಟೆನ್ಷನ್ ಉದ್ದವಾದಷ್ಟೂ ಅದು ತಿರುಚಿಕೊಂಡು ಪೆಟ್ಟಿನ ಬಲವನ್ನು ತಿನ್ನುತ್ತದೆ ಎಂಬುದನ್ನೂ ಮರೆಯಬಾರದು.

ನಮ್ಮಲ್ಲಿ ಇನ್ನೊಂದು ತೊಡಕುಂಟು, ಹಳೆಯ ಯಂತ್ರಗಳದ್ದು. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪನ್ನು ಈ ದೇಶದಲ್ಲಿ ಜೋಡಿಸತೊಡಗಿದರು. ಆ ವಂಶದ ಜೀಪುಗಳು ತೋಟದ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಚಕ್ರದ ನಟ್ಟು ಮುಕ್ಕಾಲು ಇಂಚು, ಅಂದರೆ 19.05 ಮಿಲಿಮೀಟರ್, 19ರ ಸಾಕೆಟ್ಟು ಬಹುತೇಕ ಕೂರುತ್ತದೆ. ಎಲ್ಲ ಇಂಚಿನ ಅಳತೆಗೂ ಹೀಗೆ ಅದೃಷ್ಟವಿಲ್ಲ. ಅರ್ಧ ಇಂಚಿನ ಮುಖ 12.7, ಅದಕ್ಕೆ 13 ಹಾಕಿದರೆ ಸಡಿಲ. ಒಂಬತ್ತು ಹದಿನಾರಾಂಶ 14.3, 14 ಹಿಡಿಸದು, 15 ಜಾರುತ್ತದೆ. ಕೈ ಸ್ಪ್ಯಾನರಿನಲ್ಲಿ ನಡೆದು ಹೋಗುವ ಈ ಸಡಿಲವನ್ನು ಇಂಪ್ಯಾಕ್ಟ್ ಗನ್ನು ಕ್ಷಮಿಸುವುದಿಲ್ಲ.

ಲಿಸ್ಟರ್ ಮಾದರಿಯ ನಿಧಾನ ಓಟದ ಡೀಸೆಲ್ ಎಂಜಿನ್ನುಗಳದ್ದು ಮತ್ತೊಂದು ಕಥೆ. ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿದ ಆ ಎಂಜಿನ್ನಿನ ನಕಲುಗಳನ್ನು ರಾಜಕೋಟೆಯ ಕಾರ್ಖಾನೆಗಳು ದೇಶದ ಉದ್ದಗಲಕ್ಕೂ ಹಂಚಿದವು. ಹಳೆಯ ಎಂಜಿನ್ನುಗಳಲ್ಲಿ ವಿಟ್‌ವರ್ತ್ ನಟ್ಟುಗಳು ಈಗಲೂ ಎದುರಾಗುತ್ತವೆ. ವಿಟ್‌ವರ್ತ್ ಸ್ಪ್ಯಾನರಿನ ಮೇಲಿನ ಅಂಕಿ ನಟ್ಟಿನ ಮುಖದ್ದಲ್ಲ, ಬೋಲ್ಟಿನ ದಪ್ಪದ್ದು. ಅರ್ಧ ಇಂಚಿನ ವಿಟ್‌ವರ್ತ್ ನಟ್ಟಿನ ಮುಖ ಸುಮಾರು 23.4 ಮಿಲಿಮೀಟರ್. 24ರ ಸಾಕೆಟ್ಟು ಹಾಕಿ ಗನ್ನು ಒತ್ತಿದರೆ ಒಂದೇ ಕ್ಷಣದಲ್ಲಿ ಮೂಲೆಗಳು ಹೋದವು. ಇಂತಹ ಕಡೆ ಗನ್ನನ್ನು ಬದಿಗಿಟ್ಟು ಅಜ್ಜನ ಕಾಲದ ರಿಂಗ್ ಸ್ಪ್ಯಾನರನ್ನು ತೆಗೆಯುವುದೇ ಜಾಣತನ.

ಎಡ ತಿರುಪಿನ ಮಾತನ್ನು ಇಲ್ಲೇ ಹೇಳಿಬಿಡಬೇಕು. ಯುದ್ಧಕಾಲದ ಮತ್ತು ಅದರ ಬೆನ್ನಿಗೆ ಬಂದ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ನಟ್ಟುಗಳಿಗೆ ಎಡ ತಿರುಪು. ಬಲಕ್ಕೆ ತಿರುಗಿಸಿದರೆ ಅವು ಸಡಿಲವಾಗುತ್ತವೆ. ತಿಳಿಯದ ಹುಡುಗ ಎಂದಿನಂತೆ ಎಡಕ್ಕೆ ಗನ್ನು ಒತ್ತಿದರೆ ನಟ್ಟು ಬಿಗಿಯಾಗುತ್ತಾ ಹೋಗಿ ಸ್ಟಡ್ಡೇ ತುಂಡಾಗುತ್ತದೆ. ಸಾಕೆಟ್ಟು ಎಷ್ಟು ಒಳ್ಳೆಯದೋ ಅಷ್ಟು ಬೇಗ! ಕಳೆ ಕೊಚ್ಚುವ ಯಂತ್ರದ ಬ್ಲೇಡಿನ ನಟ್ಟೂ ಬಹುತೇಕ ಎಡ ತಿರುಪಿನದೇ. ಅದಕ್ಕೆ ಗನ್ನು ಬೇಡವೇ ಬೇಡ, ಜೊತೆಗೆ ಕೊಟ್ಟಿರುವ ಕೈ ಸ್ಪ್ಯಾನರು ಸಾಕು.

ಬಾಳಿಕೆ

ಬೆಂಗಳೂರಿನ ಜೆ.ಸಿ. ರಸ್ತೆಗೋ ಗುಜರಿ ಅಂಗಡಿಗೋ ಹೋಗಿ ಹಳೆಯ ಸಾಕೆಟ್ಟು ತರುವುದರಲ್ಲಿ ತಪ್ಪಿಲ್ಲ. ಒಳ್ಳೆಯ ತಯಾರಕರ ಹಳೆಯದು ಹೆಸರಿಲ್ಲದ ಹೊಸದಕ್ಕಿಂತ ಎಷ್ಟೋ ವಾಸಿ. ಆದರೆ ಕಣ್ಣಿಗೆ ಕಾಣದ ಬಿರುಕಿದೆಯೇ ನೋಡಬೇಕು. ಸಾಕೆಟ್ಟನ್ನು ಚೆನ್ನಾಗಿ ತೊಳೆದು ಒಂದು ರಾತ್ರಿ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಮುಳುಗಿಸಿಡಿ. ಮರುದಿನ ಬಟ್ಟೆಯಿಂದ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಹೊರಬಂದು ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡ ಸಾಕೆಟ್ಟನ್ನು ಗುಜರಿಗೇ ಹಾಕುವುದು. ಗ್ಯಾರೇಜಿನಲ್ಲಿರುವ ಸಾಕೆಟ್ಟುಗಳಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿದರೆ ಒಳ್ಳೆಯದು.

ಕಪ್ಪು ಲೇಪ ಕ್ರೋಮಿಯಂ ಲೇಪದಂತೆ ನೀರನ್ನು ತಡೆಯುವುದಿಲ್ಲ. ಎಣ್ಣೆ ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿಡಬೇಕು. ಸಿಂಪರಣೆಯ ಪಂಪು ರಿಪೇರಿ ಮಾಡಿದ ದಿನ ಮುಖ್ಯವಾಗಿ. ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಲದೆ ಹೋದರೆ ಅದ್ದಿದ ಕತ್ತಿಯ ಅಲಗು ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಮೈಲುತುತ್ತ ಕಬ್ಬಿಣವನ್ನು ತಿಂದು ತಾಮ್ರವನ್ನು ಬಿಡುವುದು ಹಾಗೆ. ಸಾಕೆಟ್ಟಿನ ಮೇಲೂ ಅದು ಅದನ್ನೇ ಮಾಡುತ್ತದೆ.

ಸಾಕೆಟ್ಟು ನಟ್ಟಿನ ಮೇಲಿರುವಾಗಲೇ ಗ್ಯಾಸಿನ ಬೆಂಕಿ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಬಿಸಿಯಾದ ಉಕ್ಕಿನ ಹದ ಹೋಗುತ್ತದೆ, ಹೋದ ಹದ ಮತ್ತೆ ಬರುವುದಿಲ್ಲ. ನಟ್ಟನ್ನು ಕಾಯಿಸಬೇಕಾದರೆ ಸಾಕೆಟ್ಟನ್ನು ತೆಗೆದಿಟ್ಟೇ ಕಾಯಿಸಬೇಕು. ತುಕ್ಕಿನ ನಟ್ಟಿಗೆ ಹಿಂದಿನ ಸಂಜೆಯೇ ಇಳಿಯೆಣ್ಣೆ ಬಿಟ್ಟು, ತಂತಿ ಬ್ರಷ್ಷಿನಿಂದ ತಿರುಪು ಉಜ್ಜಿಟ್ಟರೆ ಗನ್ನಿಗೂ ಸಾಕೆಟ್ಟಿಗೂ ಅರ್ಧ ಶ್ರಮ ಕಡಿಮೆ. ಈ ಕೆಲಸ ಗಾಡಿಯ ಯಜಮಾನನೇ ಮಾಡಬಹುದಾದದ್ದು.

ಗನ್ನಿನಿಂದ ಕಳಚಿ, ಕೈಯಿಂದ ಬಿಗಿ ಮಾಡಿ. ಸಣ್ಣ ಕಾರಿನ ಚಕ್ರದ ನಟ್ಟಿಗೆ ಬೇಕಾದ ಬಿಗಿ, ಮಾದರಿಗೆ ತಕ್ಕಂತೆ, ಸುಮಾರು 85ರಿಂದ 100 ನ್ಯೂಟನ್-ಮೀಟರ್. ಅರ್ಧ ಇಂಚಿನ ಗನ್ನು ಇದರ ಮೂರು ನಾಲ್ಕು ಪಟ್ಟನ್ನು ಲೀಲಾಜಾಲವಾಗಿ ಕೊಡುತ್ತದೆ. ಗನ್ನಿನಿಂದ ಬಿಗಿದ ಚಕ್ರವನ್ನು ಘಾಟಿಯ ಮಧ್ಯೆ ಪಂಕ್ಚರಾದಾಗ ಕೈ ಪಾನಾದಿಂದ ಕಳಚಲು ಹೊರಟವರಿಗೆ ಇದರ ಅರ್ಥ ಬೇಗ ಆಗುತ್ತದೆ. ಮತ್ತು ಗನ್ನು ಹಿಡಿದಾಗ ಕನ್ನಡಕ ತೊಟ್ಟಿರಬೇಕು. ಸಿಂಪರಣೆಗೆಂದು ತಂದ ಮುಚ್ಚು ಕನ್ನಡಕ ಮನೆಯ ಮೂಲೆಯಲ್ಲಿ ಹತ್ತು ತಿಂಗಳು ಸುಮ್ಮನೆ ತೂಗಾಡುತ್ತಿರುತ್ತದಲ್ಲವೆ?

ಕೊನೆಗೆ, ಹೇಳಲು ತುಸು ಕಹಿಯಾದ ಮಾತು. ಊರಿನ ಮೆಕ್ಯಾನಿಕ್ ಕಳಪೆ ಸಾಕೆಟ್ಟು ಕೊಳ್ಳುವುದು ತಿಳಿವಳಿಕೆ ಇಲ್ಲದೆ ಮಾತ್ರವಲ್ಲ. ಆತನ ದುಡ್ಡು ನಮ್ಮ ಬಳಿ ಸಿಕ್ಕಿಕೊಂಡಿದೆ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ, ಕಾಫಿ ಕ್ಯೂರಿಂಗಿಗೆ ಹೋಗಲಿ ಎಂದು ನಾವು ಲೆಕ್ಕ ಬರೆಸುತ್ತೇವೆ. ಒಳ್ಳೆಯ ದರ ಬರಲೆಂದು ಮಾಲನ್ನು ಕಟ್ಟಿಟ್ಟುಕೊಂಡಷ್ಟು ದಿನವೂ ಆತನ ಲೆಕ್ಕ ಹಾಗೆಯೇ ಬೆಳೆಯುತ್ತದೆ. ಸಾಲದ ಪುಸ್ತಕ ಇಟ್ಟುಕೊಂಡು ಕ್ರೋಮ್-ಮಾಲಿಬ್ಡಿನಂ ತರಲಾಗುವುದಿಲ್ಲ. ಗೊಬ್ಬರದಂಗಡಿಗೆ ಹಂಗಾಮಿಗೆ ಮುಂಚೆ ಹೋಗಿ ಬಾಕಿ ತೀರಿಸುವ ನಾವು ಏಪ್ರಿಲಿನಲ್ಲಿ ಗ್ಯಾರೇಜಿನ ಬಾಕಿಯನ್ನೂ ಅರ್ಧವಾದರೂ ತೀರಿಸಬಹುದು. ಅಥವಾ ಮಳೆಗಾಲದ ಮುಂಚಿನ ಕೆಲಸದ ಲೆಕ್ಕದಲ್ಲಿ 19 ಮತ್ತು 24ರ ಎರಡು ಸಾಕೆಟ್ಟುಗಳನ್ನು ನಾವೇ ತಂದುಕೊಟ್ಟು ಮಜೂರಿಯಲ್ಲಿ ಮುರಿದುಕೊಳ್ಳಬಹುದು. ನಾಲ್ಕು ಮನೆಯವರು ಕೂಡಿದರೆ ಏಳೂ ಬಂದವು.

ಅಷ್ಟರೊಳಗೆ ಖರ್ಚಿಲ್ಲದ ಕೆಲಸವೊಂದಿದೆ. ಬಿಡುವಾದ ಒಂದು ಮಧ್ಯಾಹ್ನ ನಿಮ್ಮ ಪಂಪು, ಟಿಲ್ಲರು, ಜೀಪುಗಳ ಮುಖ್ಯ ನಟ್ಟುಗಳ ಅಳತೆ ತೆಗೆದು ಪಂಪ್‌ಹೌಸಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಇಂಚಿನದೋ ಮಿಲಿಮೀಟರಿನದೋ, ಬಲ ತಿರುಪೋ ಎಡ ತಿರುಪೋ ಎಂಬುದೂ ಅದರಲ್ಲಿರಲಿ. ಮೆಕ್ಯಾನಿಕನಿಗೆ ಫೋನು ಮಾಡುವಾಗ ಆ ಅಂಕಿಗಳನ್ನು ಹೇಳಿದರೆ ಬೇಕಾದ ಸಾಕೆಟ್ಟನ್ನು ಆತ ಬರುವಾಗಲೇ ತರುತ್ತಾನೆ.